ಫಾರಸಿ: ‘ಓದಲು ಬಯಸುತ್ತೇನೆ’ ಎಂಬುದನ್ನೇ ಆ್ಯಪ್ ಒಪ್ಪುತ್ತಿಲ್ಲ

ಶಾಸನಪ್ರಿಯ:
ಸಾಕಾಗಿ ಹೋಗಿದೆ. ಫಾರಸಿ ಕಲಿಸುವ ಆ್ಯಪ್‌ನಲ್ಲಿ ‘ನಾನು ಆ ಪುಸ್ತಕವನ್ನು ಓದಲು ಬಯಸುತ್ತೇನೆ’ ಎನ್ನಲು ‘ಮನ್ ಆನ್ ಕೆತಾಬ್ ರಾ ಮೀಖಾಹಮ್ ಖಾಂದನ್’ ಎಂದು ಬರೆದಾಗಲೆಲ್ಲ ಕೆಂಪು ಗೆರೆ ಬೀಳುತ್ತದೆ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ಎಲ್ಲವೂ ಕನ್ನಡದ ಕ್ರಮದಲ್ಲೇ ಇವೆ. ಪಾಠದ ನಿಯಮವನ್ನೇ ಅನುಸರಿಸಿದ್ದೇನೆ. ತಪ್ಪೆಲ್ಲಿದೆ?

ಬೀದರ್_ಓದುಗ:
‘ರಾ’ದಲ್ಲಿದೆ. ಕನ್ನಡಿಗರು ಅದನ್ನು ‘ಅನ್ನು’ ಪ್ರತ್ಯಯವೆಂದು ತಿಳಿದು ಎಲ್ಲ ಕಡೆ ಹಚ್ಚುತ್ತಾರೆ. ‘ಕೆತಾಬ್ ಮೀಖಾನಮ್’ ಎಂದರೆ ಯಾವುದೋ ಪುಸ್ತಕ ಓದುತ್ತೇನೆ. ಗೊತ್ತಿರುವ ಪುಸ್ತಕವಾದರೆ ಮಾತ್ರ ‘ರಾ’. ತೆಗೆದು ನೋಡಿ.

ಶಾಸನಪ್ರಿಯ:
‘ಆನ್ ಕೆತಾಬ್’ ಎಂದರೆ ಆ ಪುಸ್ತಕ, ಗೊತ್ತಿರುವುದೇ ಅಲ್ಲವೇ? ತೆಗೆದೂ ನೋಡಿದೆ, ಪ್ರಯೋಜನವಾಗಲಿಲ್ಲ.

ಬೀದರ್_ಓದುಗ:
ಹಾಗಾದರೆ ‘ರಾ’ವನ್ನು ‘ಕೆತಾಬ್’ಗೆ ಅಂಟಿಸಿ ಬರೆದಿರಬೇಕು. ಬಿಡಿಸಿ ಬರೆಯಿರಿ.

ಕೀಲಿಮಣೆಗಾರ:
‘ಮೀ’ ಮತ್ತು ‘ಖಾಹಮ್’ ನಡುವೆ ಪೂರ್ತಿ ಜಾಗ ಬಿಟ್ಟಿದ್ದೀರಾ? ಅಲ್ಲಿ ನೀಮ್‌ಫಾಸೆಲೆ, ಅಂದರೆ ಅರ್ಧ ಜಾಗ ಬೇಕು. ಪರ್ಷಿಯನ್ ಸ್ಟ್ಯಾಂಡರ್ಡ್ ಕೀಲಿಮಣೆ ವಿನ್ಯಾಸದಲ್ಲಿ ಶಿಫ್ಟ್ ಒತ್ತಿ ಸ್ಪೇಸ್ ಒತ್ತಿದರೆ ಬರುತ್ತದೆ.

ವ್ಯಾಕರಣಾಸಕ್ತೆ:
‘ರಾ’ವೂ ಸರಿ, ಜಾಗವೂ ಸರಿ. ‘ಮೀಖಾಹಮ್’ (ಬಯಸುತ್ತೇನೆ) ನಂತರ ಫಾರಸಿಯಲ್ಲಿ ‘ಖಾಂದನ್’ (ಓದುವುದು) ಹಾಗೆಯೇ ನಿಲ್ಲುವುದಿಲ್ಲ. ಅದರ ವರ್ತಮಾನದ ಧಾತುವಿಗೆ ‘ಬೆ’ ಸೇರಿಸಿ, ಕರ್ತೃ ಯಾರೆಂದು ಹೇಳುವ ಪುರುಷಪ್ರತ್ಯಯ ಹಚ್ಚಬೇಕು: ‘ಮನ್ ಮೀಖಾಹಮ್ ಆನ್ ಕೆತಾಬ್ ರಾ ಬೆಖಾನಮ್’. ಕನ್ನಡದಲ್ಲಿ ‘ಓದಲು’ ಎಂಬುದು ಬದಲಾಗದು. ಇಲ್ಲಿ ಎರಡು ಕ್ರಿಯಾಪದಗಳೂ ಕರ್ತೃವನ್ನು ಹೇಳುತ್ತವೆ. ಅವನು ಓದಬೇಕೆಂದು ನಾನು ಬಯಸಿದರೆ ‘ಮೀಖಾಹಮ್ ಬೆಖಾನದ್’.

ಶಾಸನಪ್ರಿಯ:
ಆ್ಯಪ್ ಒಪ್ಪಿತು! ಆದರೆ ಪಾಠದಲ್ಲಿ ‘ಖಾಹಮ್ ಖಾಂದ್’ (ಓದುವೆನು) ಎಂದಿದೆ. ಅಲ್ಲಿ ‘ಬೆ’ ಎಲ್ಲಿ?

ವ್ಯಾಕರಣಾಸಕ್ತೆ:
ಇದನ್ನು ಮೊದಲೇ ಹೇಳಬೇಕಿತ್ತು! ‘ಮೀ’ ಇಲ್ಲದ ‘ಖಾಹಮ್’ ಭವಿಷ್ಯತ್ತಿನ ಸಹಾಯಕ ಕ್ರಿಯಾಪದ. ಅದರ ಮುಂದೆ ಭೂತಕಾಲದ ಧಾತು ಬರುತ್ತದೆ: ‘ಖಾಂದನ್’ನಿಂದ ‘ಅನ್’ ಕಳೆದರೆ ‘ಖಾಂದ್’. ನೀವು ಎರಡು ನಿಯಮಗಳನ್ನು ಬೆರೆಸಿದ್ದೀರಿ. ವರ್ತಮಾನಕಾಲದ ‘ಮೀ’ ಮತ್ತು ‘ಬೆ’ ಸೇರುವುದು ವರ್ತಮಾನದ ಧಾತುವಿಗೆ, ಅದು ‘ಖಾನ್’. ‘ದೀದನ್’ (ನೋಡುವುದು) ಎಂಬುದಕ್ಕೆ ‘ಬೀನ್’, ‘ಗೋಫ್ತನ್’ (ಹೇಳುವುದು) ಎಂಬುದಕ್ಕೆ ‘ಗೂ’ ಇರುವಂತೆ ಹಲವು ಧಾತುಗಳನ್ನು ಬಾಯಿಪಾಠ ಮಾಡದೆ ದಾರಿಯಿಲ್ಲ.

ಬೀದರ್_ಓದುಗ:
ಉರ್ದು ಬಲ್ಲವರಿಗೆ ಇದೆಲ್ಲ ಸುಲಭ.

ವ್ಯಾಕರಣಾಸಕ್ತೆ:
ಪದಗಳು ಸುಲಭ, ಇದು ಅಲ್ಲ. ಉರ್ದುವಿನ ‘ಪಢ್ನಾ ಚಾಹ್ತಾ ಹೂಂ’ (ಓದಲು ಬಯಸುತ್ತೇನೆ) ಕೂಡ ಇದೇ ತಪ್ಪಿಗೆ ಎಳೆಯುತ್ತದೆ, ಅಲ್ಲಿಯೂ ‘ಪಢ್ನಾ’ ಬದಲಾಗದು.

ಟೆಹರಾನ್_ಕೇಳುಗ:
ಯಾರೂ ‘ಮೀಖಾಹಮ್ ಬೆಖಾನಮ್’ ಎಂದು ಮಾತಾಡುವುದಿಲ್ಲ, ‘ಮೀಖಾಮ್ ಬೆಖೂನಮ್’ ಎನ್ನುತ್ತಾರೆ. ಅದನ್ನೇ ಕಲಿಯಿರಿ.

ಶಾಸನಪ್ರಿಯ:
ನನಗೆ ಬೇಕಿರುವುದು ಬರವಣಿಗೆಯ ಭಾಷೆ. ಈಗ ಮತ್ತೊಂದು ತೊಡಕು: ‘ಮೀಖಾಹಮ್ ಕಾರ್ ಕೊನಮ್’ (ಕೆಲಸ ಮಾಡಲು ಬಯಸುತ್ತೇನೆ) ಎಂಬಲ್ಲಿ ‘ಬೆ’ ಕಾಣುತ್ತಿಲ್ಲವಲ್ಲ?

ವ್ಯಾಕರಣಾಸಕ್ತೆ:
‘ಕಾರ್ ಕರ್ದನ್’ ಸಂಯುಕ್ತ ಕ್ರಿಯಾಪದ. ‘ಕರ್ದನ್’ (ಮಾಡುವುದು), ‘ಶೊದನ್’ (ಆಗುವುದು) ಇರುವ ಇಂಥವುಗಳಲ್ಲಿ ‘ಬೆ’ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ‘ಮೀ’ ಮಾತ್ರ ಬೀಳದು, ಅದು ‘ಕಾರ್’ಗಲ್ಲ, ‘ಕೊನಮ್’ಗೆ ಅಂಟುತ್ತದೆ: ‘ಕಾರ್ ಮೀಕೊನಮ್’. ನಿಷೇಧವೂ ಅಲ್ಲಿಯೇ: ‘ಕಾರ್ ನೆಮೀಕೊನಮ್’.

ಕೀಲಿಮಣೆಗಾರ:
ಅಲ್ಲಿಯೂ ‘ಮೀ’ ಆದಮೇಲೆ ನೀಮ್‌ಫಾಸೆಲೆ ಹಾಕಿ.