2 ಆಂಪಿಯರ್, 30 ನಿಮಿಷ: ಹೈಡ್ರೋಜನ್ ಎಷ್ಟು ಬರುತ್ತದೆ?

ಪ್ರಶ್ನೆ

ಮಗಳು ಸೆಕೆಂಡ್ ಪಿಯುಸಿ. ನಾನು ಬಿಎಸ್ಸಿ ಮುಗಿಸಿ 19 ವರ್ಷ ಆಯ್ತು. ನಿನ್ನೆ ಊಟ ಆದ ಮೇಲೆ ಒಂದು ಲೆಕ್ಕದ ಮುಂದೆ ಕೂತವರು ರಾತ್ರಿ ಹನ್ನೊಂದೂವರೆಯಾದರೂ ಏಳಲಿಲ್ಲ. ಸ್ವಲ್ಪ ಆಮ್ಲ ಹಾಕಿದ ನೀರಿನಲ್ಲಿ 2 ಆಂಪಿಯರ್ ಕರೆಂಟ್ 30 ನಿಮಿಷ ಹರಿಸಿದರೆ ಎಸ್‌ಟಿಪಿಯಲ್ಲಿ (ಅಂದರೆ 0 ಡಿಗ್ರಿ ತಾಪ, ನಿಗದಿತ ಒತ್ತಡದಲ್ಲಿ) ಎಷ್ಟು ಹೈಡ್ರೋಜನ್ ಬರುತ್ತದೆ? ನಮಗೆ 836 ಮಿಲಿಲೀಟರ್ ಬಂತು. ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರ 418. ಸರಿಯಾಗಿ ಅರ್ಧ. ಸುಮ್ನೆ 2ರಿಂದ ಭಾಗಿಸು ಅನ್ನಬಹುದಿತ್ತು. ಆದರೆ ಅವಳು ಯಾಕೆ ಅಂತ ಕೇಳಿಯೇ ಕೇಳುತ್ತಾಳೆ. ದಯವಿಟ್ಟು ಬಿಡಿಸಿ ಹೇಳುತ್ತೀರಾ?

ಉತ್ತರ 1

ಮೇಡಂ, ನಾನು ಬೆಂಗಳೂರಿನಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಈ ತಪ್ಪು ಪ್ರತಿ ವರ್ಷ ಸಿಗುತ್ತದೆ. ಸೂತ್ರ ಪಕ್ಕಕ್ಕಿಡಿ. ಕೂಲಂ (ವಿದ್ಯುದಾವೇಶದ ಅಳತೆ) ಲೆಕ್ಕ ಹಾಕುವುದೆಂದರೆ ಎಲೆಕ್ಟ್ರಾನ್ ಎಣಿಸಿದ ಹಾಗೆ ಅಂತ ಮಗಳಿಗೆ ಹೇಳಿ.

1 ಆಂಪಿಯರ್ ಅಂದರೆ ಸೆಕೆಂಡಿಗೆ 1 ಕೂಲಂ. 30 ನಿಮಿಷಕ್ಕೆ 1800 ಸೆಕೆಂಡ್, ಹಾಗಾಗಿ 3600 ಕೂಲಂ. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಎಣಿಕೆಯ ಒಂದು ದೊಡ್ಡ ಗುಂಪು. ಒಂದು ಮೋಲ್ ಎಲೆಕ್ಟ್ರಾನಿಗೆ ಸುಮಾರು 96,500 ಕೂಲಂ. ಭಾಗಿಸಿದರೆ 0.0373 ಮೋಲ್. ನೀವು ಇಲ್ಲೇ 22.4ರಿಂದ ಗುಣಿಸಿದ್ದೀರಿ. ಆದರೆ ಇದು ಇನ್ನೂ ಎಲೆಕ್ಟ್ರಾನ್ ಲೆಕ್ಕ. ಎಸ್‌ಟಿಪಿಯಲ್ಲಿ 22.4 ಲೀಟರ್ ಜಾಗ ಹಿಡಿಯುವುದು ಒಂದು ಮೋಲ್ ಗ್ಯಾಸ್.

ಕ್ಯಾಥೋಡಿನಲ್ಲಿ (ಋಣ ತುದಿಯಲ್ಲಿ) ಒಂದು ಹೈಡ್ರೋಜನ್ ಅಯಾನ್ ಒಂದು ಎಲೆಕ್ಟ್ರಾನ್ ತಗೊಂಡು ಪರಮಾಣು ಆಗುತ್ತದೆ. ಅಂಥ ಎರಡು ಸೇರಿದರೆ ಒಂದು ಅಣು. ಗುಳ್ಳೆಯಲ್ಲಿ ಇರುವುದು ಈ ಅಣುಗಳೇ. ಕ್ಲಾಸಿನಲ್ಲಿ ನಾನು ಚಪ್ಪಲಿ ಉದಾಹರಣೆ ಕೊಡುತ್ತೇನೆ: ಬಾಗಿಲ ಹೊರಗೆ 40 ಚಪ್ಪಲಿ ಇದ್ದರೆ ಒಳಗೆ 20 ಜನ. ಹಾಗೆ 0.01865 ಮೋಲ್ ಹೈಡ್ರೋಜನ್, 418 ಮಿಲಿಲೀಟರ್. ಇನ್ನೊಂದು ತುದಿಯಲ್ಲಿ ಒಂದು ಆಕ್ಸಿಜನ್ ಅಣುವಿಗೆ 4 ಎಲೆಕ್ಟ್ರಾನ್. ಅದಕ್ಕೇ ಆ ಕಡೆ ಬರೀ 209.

ಉತ್ತರ 2

ಸರ್, ನನಗೆ 423 ಬರ್ತಿದೆ. ನಮ್ಮ ಪಠ್ಯದಲ್ಲಿ 22.4ರ ಬದಲು 22.7 ಲೀಟರ್ ಅಂತ ಇದೆ. ತಪ್ಪಾ?

ಉತ್ತರ 1, ಮತ್ತೆ

ತಪ್ಪಲ್ಲ. ಹಳೇ ಎಸ್‌ಟಿಪಿಯಲ್ಲಿ ಒತ್ತಡ 1 ಅಟ್ಮಾಸ್ಫಿಯರ್. 1982ರಲ್ಲಿ ಐಯುಪಿಎಸಿ (ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ) ಅದನ್ನು 1 ಬಾರ್ ಮಾಡಿತು. ಒತ್ತಡ ಚೂರು ಕಡಿಮೆ, ಜಾಗ ಚೂರು ಜಾಸ್ತಿ. ಪ್ರಶ್ನೆಯಲ್ಲಿ ಯಾವುದು ಕೊಟ್ಟಿದ್ದಾರೋ ಅದನ್ನೇ ಹಿಡಿಯಿರಿ.

ಒತ್ತಡದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಲ್ಯಾಬಿನಲ್ಲಿ 0.2 ಆಂಪಿಯರ್ 10 ನಿಮಿಷ ಹರಿಸುತ್ತೇವೆ. ಎಸ್‌ಟಿಪಿ ಲೆಕ್ಕದಲ್ಲಿ 14 ಮಿಲಿಲೀಟರ್ ಬರಬೇಕು. ಗಾಜಿನ ಕೊಳವೆ ನೋಡಿದರೆ ಹದಿನೇಳೂವರೆ ದಾಟಿರುತ್ತದೆ. ಮಕ್ಕಳ ಮುಖ ಸಪ್ಪಗಾಗುತ್ತದೆ, ಪ್ರಯೋಗ ಕೆಟ್ಟಿತು ಅಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ. ರೂಮಿನಲ್ಲಿ 27 ಡಿಗ್ರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಪಾದರಸದ ಸುಮಾರು 680 ಮಿಲಿಮೀಟರ್. ಅದರಲ್ಲೂ 27 ಮಿಲಿಮೀಟರ್ ನೀರಿನ ಆವಿಯ ಪಾಲು. ಇದನ್ನೆಲ್ಲ ಸೇರಿಸಿ ಲೆಕ್ಕ ಹಾಕಿದಾಗ 17.8 ಬರುತ್ತದೆ. ಆಗ ಅವರ ಮುಖ ನೋಡಬೇಕು!

ಪ್ರಶ್ನೆ ಕೇಳಿದವರು

ಸರ್, ತುಂಬಾ ಥ್ಯಾಂಕ್ಸ್. ಚಪ್ಪಲಿ ಲೆಕ್ಕ ತಕ್ಷಣ ಹಿಡಿಸಿತು. ಪರೀಕ್ಷೆ ಮಾಡೋಣ ಅಂತ ಅದೇ ಕರೆಂಟು, ಅಷ್ಟೇ ಹೊತ್ತು ಇಟ್ಟು, ಬೆಳ್ಳಿ ಲವಣದ ದ್ರಾವಣದಿಂದ ಕ್ಯಾಥೋಡಿನ ಮೇಲೆ ಬೆಳ್ಳಿ ಎಷ್ಟು ಕೂರುತ್ತದೆ ಅಂತ ಕೇಳಿದೆ. ಪೆನ್ಸಿಲ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬೆಳ್ಳಿಗೆ ಒಂದೇ ಎಲೆಕ್ಟ್ರಾನ್ ಸಾಕು ಅಲ್ವಾ ಅಮ್ಮಾ? ಹಾಗಾದ್ರೆ ಇಲ್ಲಿ 2ರಿಂದ ಭಾಗಿಸಬಾರದು" ಅಂದಳು. 4.03 ಗ್ರಾಂ ಬರೆದಳು.