ಸಹಾಯ ಬೇಕು: ಉಳಿತಾಯದ ದುಡ್ಡನ್ನೆಲ್ಲ ಬಿಟ್‌ಕಾಯಿನ್‌ಗೆ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಐದು ವರ್ಷ ಕೂಡಿಟ್ಟ ದುಡ್ಡನ್ನೆಲ್ಲ ಬ್ಯಾಂಕಿನಿಂದ ತೆಗೆದು ಬಿಟ್‌ಕಾಯಿನ್‌ಗೆ ಹಾಕುತ್ತೇನೆ ಅನ್ನುತ್ತಿದ್ದಾನೆ. ಸುಮ್ನೆ ಬೇಡ ಅಂದರೆ ಕೇಳುವುದಿಲ್ಲ.

ಅವನ ಮಾತಿನಲ್ಲೂ ಹುರುಳಿದೆ. ಬೆಲೆಗಳು ಏರಿದಂತೆ ಬ್ಯಾಂಕಿನಲ್ಲಿರುವ ದುಡ್ಡಿನ ಬಲ ಕರಗುತ್ತದೆ. ನೋಟು ಎಷ್ಟು ಬೇಕಾದರೂ ಅಚ್ಚಾಗಬಹುದು, ಬಿಟ್‌ಕಾಯಿನ್ ಮಾತ್ರ ಒಟ್ಟು 2 ಕೋಟಿ 10 ಲಕ್ಷ ದಾಟುವುದಿಲ್ಲ. ರಜಾ ದಿನ, ನಡುರಾತ್ರಿ ಯಾವಾಗ ಬೇಕಾದರೂ ಕಳಿಸಬಹುದು.

ಆದರೆ 2021ರ ನವೆಂಬರ್‌ನಲ್ಲಿ ತುತ್ತತುದಿಯಲ್ಲಿದ್ದ ಬಿಟ್‌ಕಾಯಿನ್ ಬೆಲೆ ಒಂದೇ ವರ್ಷದಲ್ಲಿ ಮುಕ್ಕಾಲು ಭಾಗ ಇಳಿದಿತ್ತು. ಆಮೇಲೆ ಏರಿತು, ಸರಿ. ನಡುವೆ ಆಸ್ಪತ್ರೆ ಖರ್ಚು ಬಂದಿದ್ದರೆ?

ನಿನ್ನೆ ಅವನು ಒಂದು ಚೀಟಿ ತೋರಿಸಿದ. ಪೆನ್ಸಿಲ್‌ನಲ್ಲಿ ಬರೆದ 12 ಪದಗಳು. ಫೋನಿನಲ್ಲಿರುವ ಬಿಟ್‌ಕಾಯಿನ್ ಖಾತೆಯನ್ನು ಬೇರೆ ಫೋನಿನಲ್ಲಿ ಮತ್ತೆ ತೆರೆಯಲು ಇವೇ ಕೀಲಿಯಂತೆ. ಮಡಿಕೆ ಬಿದ್ದ ಕಡೆ ಎರಡು ಪದ ಆಗಲೇ ಮಸುಕಾಗಿವೆ. ಫೋನ್ ಕೆಟ್ಟು ಈ ಚೀಟಿಯೂ ಕಳೆದರೆ ದುಡ್ಡು ಹೋದ ಹಾಗೆಯೇ. ಬೇರೆಯವರಿಗೆ ಸಿಕ್ಕರೆ ಅವರದೇ. ಬ್ಯಾಂಕಿನಲ್ಲಾದರೆ ಪಾಸ್‌ವರ್ಡ್ ಮರೆತರೂ ಗುರುತಿನ ಚೀಟಿ ಹಿಡಿದು ಹೋಗಬಹುದು. ಎಷ್ಟೋ ದೇಶಗಳಲ್ಲಿ ಠೇವಣಿಗೆ ಒಂದು ಮಿತಿಯವರೆಗೆ ವಿಮೆಯೂ ಇದೆ. ಬಿಟ್‌ಕಾಯಿನ್‌ನಲ್ಲಿ ತಪ್ಪು ವಿಳಾಸಕ್ಕೆ ಹೋದ ದುಡ್ಡನ್ನು ವಾಪಸ್ ಕೊಡಿಸುವವರು ಯಾರೂ ಇಲ್ಲ, ಅಲ್ವಾ? ಬೆಲೆಗಿಂತ ನನಗೆ ಇದರದೇ ಭಯ ಜಾಸ್ತಿ.

ಆ ಇಳಿತವನ್ನು ಕಂಡವರು ದಯವಿಟ್ಟು ಹೇಳಿ. ಉಳಿತಾಯದಲ್ಲಿ ಎಷ್ಟು ಪಾಲು ಹಾಕಿದ್ದಿರಿ? ಆ ಪದಗಳ ಚೀಟಿ ಹಾಳಾಗದಂತೆ ಹೇಗೆ ಕಾಪಾಡಬೇಕು? ದುಪ್ಪಟ್ಟು ಮಾಡಿಕೊಡುತ್ತೇವೆ ಅನ್ನುವವರು ಮಾತ್ರ ಮೆಸೇಜ್ ಮಾಡಬೇಡಿ. ಇದು ಅವನ ಐದು ವರ್ಷದ ದುಡಿಮೆ.