ನಿಕೋಲ್ ಅಂದರೆ ಊರೋ, ಆಳೋ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ನಾಣ್ಯದ ಹುಚ್ಚು ಹತ್ತಿ ಇನ್ನೂ 6 ತಿಂಗಳು. ಹೋದ ಭಾನುವಾರ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಬೆಳ್ಳಿ ಪೆನ್ನಿ ಕೊಂಡೆ. ಪೊಟ್ಟಣದ ಮೇಲೆ ‘ಮೂರನೇ ಹೆನ್ರಿ, ಲಿಂಕನ್ ಟಂಕಸಾಲೆ, ಅಪರೂಪ’ ಎಂದು ಬರೆದಿತ್ತು. ಆ ‘ಅಪರೂಪ’ಕ್ಕೇ 15 ಪೌಂಡ್ ಹೆಚ್ಚು ತೆತ್ತಿದ್ದೇನೆ. ತೂಕ 1.31 ಗ್ರಾಂ, ಅಡ್ಡಳತೆ 18 ಮಿ.ಮೀ. ಮುಂಬದಿಯಲ್ಲಿ ಕಿರೀಟದ ಮುಖ, ರಾಜದಂಡ ಹಿಡಿದ ಕೈ, ‘ಹೆನ್ರಿಕಸ್ ರೆಕ್ಸ್’ (ಅಂದರೆ ಹೆನ್ರಿ ರಾಜ), ಆಮೇಲೆ ‘ಮೂರನೇ’ ಎನ್ನಲು ಮೂರು ಗೀಟು. ಹಿಂಬದಿಯಲ್ಲಿ ಜೋಡಿಗೆರೆಯ ಶಿಲುಬೆ ಅಂಚಿನವರೆಗೂ ಚಾಚಿದೆ. ಅದು ಬರಹವನ್ನು ನಾಲ್ಕು ತುಂಡು ಮಾಡಿದೆ: ಎನ್‌-ಐ-ಸಿ, ಓ-ಎಲ್‌-ಇ, ಓ-ಎನ್‌-ಎಲ್, ಕೊನೆಯದು ವಿ-ಎನ್ ಆದ ಮೇಲೆ ಮಸುಕು. ‘ನಿಕೋಲ್’ ಎಂದರೆ ಲಿಂಕನ್ ಊರಿನ ಹಳೇ ಹೆಸರು ಎಂದು ಮಾರಿದವರು ಹೇಳಿದರು. ನಿಜವೇ ಮೇಡಂ?

ಉತ್ತರ: ಆ ಮಾತು ಸುಳ್ಳಲ್ಲ, ಆದರೆ ನಿಮ್ಮ ನಾಣ್ಯಕ್ಕೆ ಅದು ಸಲ್ಲುವುದಿಲ್ಲ. ಇಂಥ ಪೆನ್ನಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಓ-ಎನ್ ಎಂಬ ಎರಡು ಅಕ್ಷರ. ಅದರ ಹಿಂದೆ ಇರುವುದು ಆಳಿನ ಹೆಸರು, ಮುಂದೆ ಇರುವುದು ಊರಿನ ಹೆಸರು. ನಿಮ್ಮದನ್ನು ಕೂಡಿಸಿ ಓದಿ: ‘ನಿಕೋಲ್ ಆನ್ ಲುಂಡ್’. ಲುಂಡ್ ಎಂದರೆ ಲಂಡನ್. ಆಗ ‘ಯು’ ಬದಲು ‘ವಿ’ ಕೆತ್ತುತ್ತಿದ್ದರು. ನಿಕೋಲ್ ಇಲ್ಲಿ ನಿಕೋಲಸ್ ಎಂಬ ಗಂಡಸು. ದಾಖಲೆಗಳಲ್ಲಿ ಸೇಂಟ್ ಆಲ್ಬನ್ಸ್‌ನ ನಿಕೋಲಸ್ ಎಂದು ಬರುತ್ತಾನೆ. ಲಂಡನ್ ಟಂಕಸಾಲೆಯ ಮನಿಯರ್, ಅಂದರೆ ತನ್ನ ಹೆಸರಿನಲ್ಲಿ ನಾಣ್ಯ ಹೊಡೆಸಿ ಅದರ ತೂಕಕ್ಕೂ ಬೆಳ್ಳಿಯ ಗುಣಕ್ಕೂ ಹೊಣೆ ಹೊತ್ತವನು.

ಹೊಣೆ ಅಂದರೆ ಬಾಯಿಮಾತಿನದ್ದಲ್ಲ. 1124ರ ಕ್ರಿಸ್ಮಸ್ಸಿಗೆ ಒಂದನೇ ಹೆನ್ರಿ ಮನಿಯರ್‌ಗಳನ್ನೆಲ್ಲ ವಿಂಚೆಸ್ಟರ್‌ಗೆ ಕರೆಸಿ, ಕಳಪೆ ನಾಣ್ಯ ಹೊಡೆದದ್ದಕ್ಕೆ ಬಲಗೈಯನ್ನೂ ವೃಷಣವನ್ನೂ ಕತ್ತರಿಸಿಹಾಕಿಸಿದ. ನಾಣ್ಯದ ಮೇಲೆ ಹೆಸರು ಏಕೆ ಇರಬೇಕಿತ್ತು ಎಂದು ಬೇರೆ ವಿವರಿಸಬೇಕಿಲ್ಲ.

ಸರಿ, ಲಿಂಕನ್ ಅಲ್ಲ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ನಿಮ್ಮ ಮುಂಬದಿಯಲ್ಲೇ ಇದೆ: ಆ ರಾಜದಂಡ. ನಿಮ್ಮದರಂತೆ ಅಂಚಿನವರೆಗೂ ಚಾಚಿದ ಉದ್ದ ಶಿಲುಬೆಯ ಪೆನ್ನಿ ಶುರುವಾದದ್ದು 1247ರಲ್ಲಿ. ಹಿಂದಿನ ಗಿಡ್ಡ ಶಿಲುಬೆಯ ನಾಣ್ಯದ ಅಂಚನ್ನು ಜನ ಕತ್ತರಿಸಿ ಬೆಳ್ಳಿ ಕದಿಯುತ್ತಿದ್ದರು. ಶಿಲುಬೆ ಅಂಚಿಗೆ ಮುಟ್ಟಿದರೆ ಕತ್ತರಿಸಿದ್ದು ತಟ್ಟನೆ ಗೊತ್ತಾಗುತ್ತದೆ ಎಂಬ ಉಪಾಯ. ಹಳೇ ನಾಣ್ಯವನ್ನೆಲ್ಲ ಬದಲಾಯಿಸಲು ಲಿಂಕನ್‌ನಂಥ ಊರುಗಳಲ್ಲೂ ಟಂಕಸಾಲೆ ತೆರೆದರು, 1250ರ ಹೊತ್ತಿಗೆ ಮುಚ್ಚಿದರು. ಕೈಯಲ್ಲಿ ರಾಜದಂಡ ಬಂದದ್ದು ಅದಾದ ಮೇಲೆ. ರಾಜದಂಡವಿರುವ ಪೆನ್ನಿಗಳಲ್ಲಿ ಬಹುಪಾಲು ಲಂಡನ್, ಕ್ಯಾಂಟರ್ಬರಿಯವು. ಇನ್ನೊಂದು ಗೊಂದಲ ಏನೆಂದರೆ ಕ್ಯಾಂಟರ್ಬರಿಯಲ್ಲೂ ನಿಕೋಲ್ ಹೆಸರು ಸಿಗುತ್ತದೆ. ಹಾಗಾಗಿ ನಿಮ್ಮ ಮೂರನೇ ತುಂಡಿನ ಆ ಒಂದು ಎಲ್ ಅಕ್ಷರವೇ ಊರನ್ನು ತೀರ್ಮಾನಿಸುವುದು. ಅಲ್ಲಿ ‘ಸಿ’ ಇದ್ದಿದ್ದರೆ ಕ್ಯಾಂಟರ್ಬರಿ.

ತೂಕದ ಬಗ್ಗೆ ಚಿಂತೆ ಬೇಡ. ಹೊಸದರಲ್ಲಿ ಸುಮಾರು 1.46 ಗ್ರಾಂ ಇರಬೇಕಾದದ್ದು, ಸವೆದದ್ದಕ್ಕೆ 1.31 ಸಹಜವೇ. ಶಿಲುಬೆಯ ನಾಲ್ಕೂ ತುದಿ ಕಾಣುತ್ತವೆಯೇ ನೋಡಿ.

ಪ್ರಶ್ನೆ: ಒಂದು ತುದಿ ಸ್ವಲ್ಪ ಮೊಂಡಾಗಿದೆ ಮೇಡಂ. ಕೊನೆಯ ತುಂಡಿನಲ್ಲಿ ‘ಡಿ’ ಕಾಣುತ್ತಲೇ ಇಲ್ಲವಲ್ಲ? ತೊಳೆದರೆ ಕಂಡೀತೇ?

ಉತ್ತರ: ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಪೂಜೆಯ ತಟ್ಟೆಗೆ ಸರಿ, ಇದಕ್ಕಲ್ಲ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ಬೆಳಕು ಬಿಡಿ, ನಾಣ್ಯವನ್ನು ನಿಧಾನ ತಿರುಗಿಸಿ. ‘ಎನ್’ನ ಬಲಗಂಬವನ್ನೇ ದಿಟ್ಟಿಸಿ. ಜಾಗ ಸಾಲದೆ ಎರಡು ಅಕ್ಷರಕ್ಕೆ ಒಂದೇ ಕಂಬ ಹೊಡೆಯುವ ರೂಢಿ ಈ ನಾಣ್ಯಗಳಲ್ಲಿ ಬಹಳ. ಆ ಕಂಬಕ್ಕೇ ‘ಡಿ’ಯ ಹೊಟ್ಟೆ ಅಂಟಿಕೊಂಡಿರಬಹುದು.

ಇನ್ನೊಬ್ಬ ಸದಸ್ಯರು: ಮೇಡಂ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನಲ್ಲಿ ಸರಿಯಾಗಿ ಅರ್ಧಕ್ಕೆ ಕತ್ತರಿಸಿದ ಗಿಡ್ಡ ಶಿಲುಬೆಯ ಪೆನ್ನಿ ಇದೆ. ಉಳಿದಿರುವುದು ವಿ-ಇ, ಓ-ಎನ್, ಎನ್‌-ಐ ಅಷ್ಟೇ. ಇದೂ ನಿಕೋಲಸ್ಸೇ?

ಉತ್ತರ: ಇಲ್ಲ, ಇದು ನಿಜವಾಗಿ ಲಿಂಕನ್! ನಿಮ್ಮಲ್ಲಿ ಎನ್‌-ಐ ಬಂದಿರುವುದು ‘ಆನ್’ ಆದ ಮೇಲೆ. ಆ ಕಾಲದ ನಾರ್ಮನ್ ಫ್ರೆಂಚ್ ನಾಲಿಗೆಗೆ ಲಿಂಕನ್ ಊರು ‘ನಿಕೋಲ್’ ಆಗಿತ್ತು. ಎನ್‌-ಓ-ಆರ್ ಎಂದಿದ್ದರೆ ನಾರ್ವಿಚೋ ನಾರ್ಥಾಂಪ್ಟನ್ನೋ ಎಂದು ತಲೆ ಕೆರೆದುಕೊಳ್ಳಬೇಕಿತ್ತು. ಅರ್ಧ ಪೆನ್ನಿ ಬೇಕಾದಾಗ ಶಿಲುಬೆಯ ಗೆರೆ ಹಿಡಿದು ಕತ್ತರಿಸುವುದು ಅಂದಿನ ಚಿಲ್ಲರೆ, ಅದು ಕಳ್ಳತನವಲ್ಲ.

ಮನಿಯರ್ ಹೆಸರು ವಿ-ಇ ಎಂದು ಮುಗಿಯುತ್ತದೆ. ಲಿಂಕನ್‌ನ ಗಿಡ್ಡ ಶಿಲುಬೆಯ ನಾಣ್ಯಗಳಲ್ಲಿ ಅಲಾಂ, ಆಂಡ್ರೂ, ಟೋಮಾಸ್, ಹ್ಯೂ ಎಂಬ ಹೆಸರುಗಳಿವೆ. ಹ್ಯೂ ಎಂಬುದನ್ನು ಎಚ್‌-ವಿ-ಇ ಎಂದು ಬರೆಯುತ್ತಿದ್ದರು, ನಿಮ್ಮ ತುಂಡಿಗೆ ಹೊಂದುವವನು ಅವನೇ. ಆ ಹ್ಯೂ 1205ರಲ್ಲಿ ಶುರುವಾದ ನಾಣ್ಯ ಬದಲಾವಣೆಯ ಕಾಲದವನು. ಮುಂಬದಿಯಲ್ಲಿ ಹೆನ್ರಿ ಎಂದೇ ಇದ್ದರೂ ಆಗ ಗದ್ದುಗೆಯಲ್ಲಿದ್ದವನು ಜಾನ್. ಅಣ್ಣ ರಿಚರ್ಡ್, ತಮ್ಮ ಜಾನ್ ಇಬ್ಬರೂ ರಾಜರಾದಾಗ ಇಂಗ್ಲೆಂಡಿನಲ್ಲಿ ಅಪ್ಪ ಎರಡನೇ ಹೆನ್ರಿಯ ಹೆಸರಲ್ಲೇ ಪೆನ್ನಿ ಹೊಡೆಸಿದರು. ಮುಂಬದಿಯ ಅರ್ಧದಲ್ಲಿ ‘ಎಸ್’ ಉಳಿದಿದ್ದು ಅದು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ಇನ್ನೂ ಒಳ್ಳೆಯದು, ಆ ಬದಲಾವಣೆಯ ಮೊದಮೊದಲ ಅಚ್ಚುಗಳ ಗುರುತು ಅದು.

ಪ್ರಶ್ನೆ (ಮೊದಲಿನವರು): ಟಾರ್ಚ್ ಹಿಡಿದು ನೋಡಿದೆ ಮೇಡಂ. ‘ಎನ್’ನ ಬಲಕ್ಕೆ ಸಣ್ಣ ಹೊಟ್ಟೆ ಇದೆ! ಹೆಂಡತಿಗೂ ತೋರಿಸಿದೆ, ಅವಳಿಗೂ ಕಂಡಿತು. ಹಾಗಾದರೆ ನನ್ನ 15 ಪೌಂಡ್?

ಉತ್ತರ: ಲಂಡನ್‌ನ ನಿಕೋಲ್ ಸಾಕಷ್ಟು ಸಿಗುವ ನಾಣ್ಯ, ಅಪರೂಪವೇನಲ್ಲ. ಪೊಟ್ಟಣವನ್ನೂ ನಾಣ್ಯವನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ, ‘ಆನ್’ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ಬರೆದದ್ದು ಅವರೇ ಆದ್ದರಿಂದ ಕೇಳುವುದರಲ್ಲಿ ಸಂಕೋಚವಿಲ್ಲ. ನಾಣ್ಯ ಮಾತ್ರ ವಾಪಸ್ ಕೊಡಬೇಡಿ, ನಾಲ್ಕೂ ತುಂಡು ಓದಲು ಬರುವ ಪೆನ್ನಿ ಕಲಿಯುವವರಿಗೆ ಬಲು ಉಪಯೋಗ.